ನಕ್ಷತ್ರಕ್ಕಿಂತ ನಾಲ್ಕು ಮಾತು
ಶುಕ್ರವಾರ ಬೆಳಿಗ್ಗೆ ತೆರೆಕಂಡ ಚಿತ್ರಕ್ಕೆ ಸಂಜೆಯೊಳಗೆ ಬೆಂಗಳೂರಿನಿಂದ ವಿಮರ್ಶಕರ ನಕ್ಷತ್ರಗಳ ಲೆಕ್ಕ ಬಂದುಬಿಡುತ್ತದೆ. ಚನ್ನಗಿರಿಯ ಅಡಿಕೆ ತೋಟ, ಹೊನ್ನಾಳಿಯ ಗದ್ದೆ, ನ್ಯಾಮತಿ, ಜಗಳೂರಿನ ಮೆಕ್ಕೆಜೋಳದ ಹೊಲದ ಕೆಲಸ ಮುಗಿಸಿ, ಮನೆಮಂದಿಯನ್ನು ಕರೆದುಕೊಂಡು ಸಿನಿಮಾಕ್ಕೆ ಹೊರಡುವವರಿಗೆ ಆ ಲೆಕ್ಕ ಸಾಲದು. ಕಥೆ ಎಂಥದ್ದು, ನಟನೆ ಹೇಗಿದೆ, ಮಕ್ಕಳ ಜೊತೆ ಕೂತು ನೋಡಬಹುದೇ ಎಂಬುದನ್ನು ವಿಮರ್ಶಕರು ಬಿಡಿಸಿ ಹೇಳಬೇಕು. 2025ರ ಜುಲೈನಲ್ಲಿ ಬಂದ ಜೆ.ಪಿ. ತುಮಿನಾಡ್ ನಿರ್ದೇಶನದ 'ಸು ಫ್ರಮ್ ಸೋ' ದೊಡ್ಡ ಪ್ರಚಾರವಿಲ್ಲದೆ, ನೋಡಿದವರ ಬಾಯಿಮಾತಿನಿಂದಲೇ ಗೆದ್ದಿತು. ಆ ಬಾಯಿಮಾತಿನಲ್ಲಿದ್ದ ಪ್ರಾಮಾಣಿಕತೆಯೇ ವಿಮರ್ಶೆಗೂ ಜೀವಾಳ. ಸಣ್ಣ ಚಿತ್ರಕ್ಕೆ ಮೊದಲ ವಾರವೇ ಆಯುಷ್ಯ; ಓದುಗರೇ, ಒಳ್ಳೆಯದನ್ನು ಕಂಡರೆ ನೀವೂ ತಡಮಾಡದೆ ನಾಲ್ಕು ಜನರಿಗೆ ಹೇಳಿ.