ಅಗ್ಗದ ಕೈಗೆಲಸವೂ ಅದರ ನಿಜವಾದ ಬೆಲೆಯೂ

ಮಿತವ್ಯಯದ ಪಾಠವನ್ನು ನಮ್ಮ ಸೀಮೆಯ ಗೃಹಿಣಿಯರಿಗೆ ಹೊರಗಿನವರು ಬಂದು ಕಲಿಸಬೇಕಾದ ಅವಶ್ಯಕತೆಯಿಲ್ಲ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಎಷ್ಟೋ ಮನೆಗಳಲ್ಲಿ ಹಳೆಯ ಸೀರೆಯು ಕೌದಿಯಾಗಿರುವದು. ಬಾಯಿ ಒಡೆದ ಹರವಿಯಲ್ಲಿ ತುಳಸಿ ಬೆಳೆದಿರುವದು. ಬಚ್ಚಲ ನೀರು ಹಿತ್ತಲ ಕರಿಬೇವಿನ ಬುಡಕ್ಕೆ ಹರಿಯುತ್ತಿರುವದು. ಇವೆಲ್ಲವೂ ಒಳ್ಳೆಯ ಕೆಲಸಗಳೆಂಬುದರಲ್ಲಿ ಸಂಶಯವಿಲ್ಲ. ಆದರೆ ಇವುಗಳನ್ನು ಕುರಿತು ‘ಪುಕ್ಕಟೆಯಾಗಿ ಆಯಿತು’ ಎಂದು ನಾವು ಆಡುವ ಮಾತು ಮಾತ್ರ ಸರಿಯಾದುದಲ್ಲವೆಂದು ನನ್ನ ನಮ್ರ ಅಭಿಪ್ರಾಯ.

ಮೊದಲು ಕೌದಿಯನ್ನೇ ತೆಗೆದುಕೊಳ್ಳೋಣ. ನೇಯ್ಗೆಯೇ ಜೀವನವಾಗಿರುವ ಊರುಗಳಲ್ಲಿ ಬಟ್ಟೆಯ ಬೆಲೆಯನ್ನು ಬಲ್ಲವರು ಒಂದು ಚಿಂದಿಯನ್ನೂ ಬೀದಿಗೆ ಎಸೆಯುವದಿಲ್ಲ. ಹಳೆಯ ಸೀರೆ, ಧೋತರಗಳನ್ನು ಒಗೆದು, ಒಣಗಿಸಿ, ಒಂದರ ಮೇಲೊಂದು ಸುಕ್ಕಿಲ್ಲದಂತೆ ಹಾಸಿ, ಮೇಲೆ ಬಣ್ಣದ ತುಂಡುಗಳನ್ನು ಹೊಂದಿಸಿ, ಅಂಚಿನಿಂದ ನಡುವಿಗೆ ಸಾಲುಸಾಲಾಗಿ ದಪ್ಪ ನೂಲಿನಿಂದ ಹೊಲಿಯುತ್ತ ಬಂದರೆ ಕೌದಿಯಾಗುವದು. ಹತ್ತಿಯ ಬಟ್ಟೆಯೊಡನೆ ಪಾಲಿಯೆಸ್ಟರ್ ಬಟ್ಟೆಯನ್ನು ಬೆರಸಬಾರದು; ತೊಳೆದಾಗ ಒಂದು ಕುಗ್ಗಿ ಇನ್ನೊಂದು ಕುಗ್ಗದೆ ಹೊಲಿಗೆಯು ಜಗ್ಗಿಕೊಳ್ಳುವದು. ಕೊಂಡು ತರಬೇಕಾದುದು ಸೂಜಿ ಮತ್ತು ನೂಲು ಮಾತ್ರ. ಆದರೆ ನಮ್ಮ ಅಜ್ಜಿಯು ಒಂದು ದೊಡ್ಡ ಕೌದಿಯನ್ನು ಮುಗಿಸಲು ಬೇಸಿಗೆಯ ಒಂದು ತಿಂಗಳ ಮಧ್ಯಾಹ್ನಗಳನ್ನೆಲ್ಲ ಕೊಡುತ್ತಿದ್ದಳು. ಆ ಮಧ್ಯಾಹ್ನಗಳನ್ನು ನಮ್ಮ ಮನೆಯ ಲೆಕ್ಕದ ವಹಿಯಲ್ಲಿ ಯಾರೂ ಬರೆಯಲಿಲ್ಲ.

ಮಗ್ಗದ ಮನೆಯಲ್ಲಿಯೂ ಇದೇ ಸಂಗತಿ. ಮಗ್ಗದ ಮುಂದೆ ಕುಳಿತವನ ಕೂಲಿಯನ್ನು ಎಲ್ಲರೂ ಎಣಿಸುವರು. ಆದರೆ ಲಾಳಿಯೊಳಗಿನ ಕಂಡಿಕೆಯು ತಾನಾಗಿ ಸುತ್ತಿಕೊಳ್ಳುವದಿಲ್ಲ. ಅದನ್ನು ಸುತ್ತಿದ ಹೆಂಡತಿಯ ಅಥವಾ ಮಗಳ ಶ್ರಮವು ಗಂಡಸಿನ ಕೂಲಿಯಲ್ಲಿಯೇ ಅಡಗಿಹೋಗುವದು. ನನ್ನ ಅಕ್ಕನು ಬೆಳಿಗ್ಗೆ ಕಂಡಿಕೆ ಸುತ್ತಿ, ಸಂಜೆ ಕೌದಿ ಹೊಲಿಯುತ್ತಿದ್ದಳು. ಏಳನೆಯ ಇಯತ್ತೆಯ ವರ್ಷದಲ್ಲಿ ಮೊದಲು ವಾರಕ್ಕೊಂದು ದಿನ, ಬಳಿಕ ಎರಡು ದಿನ ಶಾಲೆಯನ್ನು ತಪ್ಪಿಸಿದಳು. ಕೊನೆಗೆ ಹೋಗುವದನ್ನೇ ಬಿಟ್ಟಳು. ಅವಳನ್ನು ಯಾರೂ ಬಲಾತ್ಕಾರದಿಂದ ಬಿಡಿಸಲಿಲ್ಲ. ‘ಕೆಲಸದ ಹುಡುಗಿ’ ಎಂದು ಎಲ್ಲರೂ ಹೊಗಳಿದರು, ಅಷ್ಟೇ. ಅವಳು ಹೊಲಿದ ಕೌದಿಯು ಇಂದಿಗೂ ನಮ್ಮ ಮನೆಯಲ್ಲಿದೆ. ಚಳಿಗಾಲದಲ್ಲಿ ಅದನ್ನು ಹೊದೆಯುವಾಗ ಅದು ಪುಕ್ಕಟೆಯ ವಸ್ತುವೆಂದು ಹೇಳಲು ನನಗೆ ನಾಲಿಗೆ ಏಳುವದಿಲ್ಲ.

ಹಾಗಾದರೆ ಕೈಗೆಲಸವನ್ನೇ ಬಿಟ್ಟುಬಿಡಬೇಕೋ? ಎಂದಿಗೂ ಅಲ್ಲ. ಎರಡು ನಿಯಮಗಳನ್ನು ಮಾತ್ರ ಪಾಲಿಸಬೇಕು. ಒಂದನೆಯದು, ಶ್ರಮವನ್ನು ಹೆಚ್ಚಿಸುವ ಕೆಲಸಕ್ಕಿಂತ ಶ್ರಮವನ್ನು ಉಳಿಸುವ ಕೆಲಸವನ್ನು ಮೊದಲು ಆರಿಸಿಕೊಳ್ಳತಕ್ಕದ್ದು. ಎರಡನೆಯದು, ಅದನ್ನು ಮನೆಯವರೆಲ್ಲರೂ ಹಂಚಿಕೊಳ್ಳತಕ್ಕದ್ದು.

ಮೊದಲನೆಯ ನಿಯಮಕ್ಕೆ ಹಿತ್ತಲಿನ ಉದಾಹರಣೆಯನ್ನು ಕೊಡುವೆನು. ನಮ್ಮದು ಮಳೆ ಕಡಿಮೆಯ ನಾಡು. ಬೇಸಿಗೆಯಲ್ಲಿ ದಿನಕ್ಕೆ ಹಲವು ಕೊಡ ನೀರನ್ನು ಗಿಡಗಳಿಗೆ ಹೊತ್ತು ಹಾಕುವವಳು ಸಾಮಾನ್ಯವಾಗಿ ಮನೆಯ ಮಗಳೇ. ಇದಕ್ಕೆ ಬದಲಾಗಿ ಕುಂಬಾರನಿಂದ ಐದಾರು ಲೀಟರ್ ಹಿಡಿಯುವ, ಬಣ್ಣ ಬಳಿಯದ ಮಣ್ಣಿನ ಗಡಿಗೆಯನ್ನು ತಂದು, ಕುತ್ತಿಗೆಯವರೆಗೆ ನೆಲದಲ್ಲಿ ಹುಗಿದು, ಸುತ್ತಲೂ ಮೂರು ನಾಲ್ಕು ಹೀರೆ ಅಥವಾ ಸೋರೆಯ ಬೀಜಗಳನ್ನು ಊರಬೇಕು. ಗಡಿಗೆಯನ್ನು ತುಂಬಿ ಬಾಯಿಗೆ ಮುಚ್ಚಳವಿಟ್ಟರೆ ನೀರು ಅದರ ಮೈಯ ಸೂಕ್ಷ್ಮ ರಂಧ್ರಗಳಿಂದ ಮೆಲ್ಲನೆ ಜಿನುಗಿ ಬೇರಿಗೆ ಮುಟ್ಟುವದು. ನೆಲವು ಒಣಗಿದಷ್ಟು ಹೆಚ್ಚು ನೀರನ್ನು ಎಳೆದುಕೊಳ್ಳುವದು; ತೇವವಿದ್ದಾಗ ಕಡಿಮೆ. ಎರಡು ಮೂರು ದಿನಗಳಿಗೊಮ್ಮೆ ತುಂಬಿದರೆ ಸಾಕಾಗುವದು. ಇದು ಹೊಸ ಯುಕ್ತಿಯೇನಲ್ಲ; ಎರಡು ಸಾವಿರ ವರ್ಷಗಳ ಹಿಂದೆ ಚೀನ ದೇಶದ ಫಾನ್ ಶೆಂಗ್‌ಝಿ ಎಂಬ ಕೃಷಿಪಂಡಿತನು ಕರಬೂಜದ ಬಳ್ಳಿಗಳಿಗೆ ಹೀಗೆಯೇ ಹುಗಿದ ಗಡಿಗೆಯಿಂದ ನೀರುಣಿಸುವ ವಿಧಾನವನ್ನು ಬರೆದಿಟ್ಟಿದ್ದಾನೆ.

ನೀರನ್ನು ಮಿತವಾಗಿ ಬಳಸುವದು ಕೇವಲ ಉಳಿತಾಯಕ್ಕಾಗಿ ಅಲ್ಲ. ಕೃಷ್ಣಾ, ಘಟಪ್ರಭಾ ನದಿಗಳ ನೀರು ಹರಿದ ನಮ್ಮ ಕಬ್ಬಿನ ಪ್ರದೇಶದಲ್ಲಿ, ಅತಿಯಾದ ನೀರಿನಿಂದಲೂ ಬಸಿಗಾಲುವೆಗಳ ಕೊರತೆಯಿಂದಲೂ ಎರೆಯ ಹೊಲಗಳು ಎಷ್ಟೋ ಕಡೆ ಸವಳು ಬಿದ್ದು ಹಾಳಾಗಿವೆ. ಹೊಲಕ್ಕೆ ತಗಲಿದ ದೋಷವು ಹಿತ್ತಲಿಗೂ ತಗಲಬಾರದು. ಬಚ್ಚಲ ನೀರನ್ನು ಬಾಳೆ, ನುಗ್ಗೆ, ಪಪ್ಪಾಯಿಗಳ ಬುಡಕ್ಕೆ ಸಣ್ಣ ಕಾಲುವೆಯಿಂದ ಬಿಡಬಹುದು. ಆದರೆ ತೊಳೆಯುವ ಸೋಡಾ ಬೆರೆತ ನೀರನ್ನು ಮಣ್ಣಿಗೆ ಬಿಡಬಾರದು, ಸೊಪ್ಪಿನ ಮಡಿಗಳಿಗೆ ಯಾವ ಬಚ್ಚಲ ನೀರನ್ನೂ ಹಾಕಬಾರದು. ಹುಳುವಿನ ಕಾಟಕ್ಕೆ 50 ಗ್ರಾಂ ಬೇವಿನ ಬೀಜದ ತಿರುಳನ್ನು ಕುಟ್ಟಿ, ಒಂದು ಲೀಟರ್ ನೀರಿನಲ್ಲಿ ರಾತ್ರಿಯೆಲ್ಲ ನೆನೆಯಿಟ್ಟು, ಬಟ್ಟೆಯಲ್ಲಿ ಸೋಸಿ, ತುಸು ಸಾಬೂನಿನ ನೀರನ್ನು ಬೆರಸಿ, ಸಂಜೆಯ ವೇಳೆಗೆ ಸಿಂಪಡಿಸಬೇಕು. ಬೀಜವನ್ನು ಆರಿಸಿ ತರುವ ಕೆಲಸವನ್ನು ಚಿಕ್ಕ ಮಕ್ಕಳು ಆಟವಾಡುತ್ತಲೇ ಮಾಡುವರು.

ಎರಡನೆಯ ನಿಯಮವೇ ಕಠಿಣವಾದುದು. ‘ಸೂಜಿ ಹಿಡಿಯುವದು ಹುಡುಗಿಯರ ಕೆಲಸ’ ಎಂದು ಹಿರಿಯರು ಆಕ್ಷೇಪಿಸಬಹುದು. ನೇಯುವ ಗಂಡಸಿನ ಬೆರಳುಗಳು ದಿನವಿಡೀ ತುಂಡಾದ ಎಳೆಗಳನ್ನು ಗಂಟು ಹಾಕುತ್ತವೆ. ಆ ಬೆರಳುಗಳಿಗೆ ಸೂಜಿಯು ಭಾರವಾಗಲಾರದು. ಗಡಿಗೆ ಹುಗಿಯುವ ಕುಣಿಯನ್ನು ಅಣ್ಣನು ಅಗೆಯಲಿ, ಕಾಲುವೆಯನ್ನು ತಂದೆಯು ಕಡಿಯಲಿ, ಕೌದಿಯ ಸುತ್ತಲೂ ಮನೆಯವರೆಲ್ಲ ಕುಳಿತುಕೊಳ್ಳಲಿ. ಓಣಿಯ ನಾಲ್ಕು ಹೆಣ್ಣುಮಕ್ಕಳು ಕೂಡಿ ಇಂದು ಒಬ್ಬರ ಮನೆಯದು, ನಾಳೆ ಇನ್ನೊಬ್ಬರದು ಎಂದು ಹೊಲಿದರೆ ದಣಿವೂ ಕಡಿಮೆ, ಮಾತುಕತೆಯೂ ಸೊಗಸು. ಹೊಲಿದು ಮಾರುವವರಿದ್ದರೆ ಬಟ್ಟೆಯ ಬೆಲೆಯನ್ನಷ್ಟೇ ಅಲ್ಲ, ಕುಳಿತ ದಿನಗಳನ್ನೂ ಎಣಿಸಿ ಬೆಲೆ ಹೇಳಬೇಕು. ಕೊಳ್ಳುವವರು ಅದರಲ್ಲಿ ಚೌಕಾಸಿ ಮಾಡಬಾರದು.

ಪ್ರಿಯ ವಿದ್ಯಾರ್ಥಿನಿಯರೇ, ಸೂಜಿಯನ್ನೂ ಸಲಿಕೆಯನ್ನೂ ಧೈರ್ಯವಾಗಿ ಹಿಡಿಯಿರಿ. ಹಳೆಯದನ್ನು ಹೊಸದು ಮಾಡುವದರಲ್ಲಿ ಯಾವ ನಾಚಿಕೆಯೂ ಬೇಡ. ಆದರೆ ಅಭ್ಯಾಸದ ವೇಳೆ ಬಂದಾಗ ಅದನ್ನು ಬದಿಗಿಟ್ಟು ಪುಸ್ತಕವನ್ನು ತೆರೆಯಿರಿ. ತಾಯಿತಂದೆಗಳಲ್ಲಿ ನನ್ನ ವಿನಂತಿಯು ಇಷ್ಟೇ: ಮಗಳು ಮಾಡಿದ ಕೆಲಸವನ್ನು ಹೊಗಳುವದರೊಡನೆ, ಅದಕ್ಕೆ ಅವಳು ಎಷ್ಟು ತಾಸು ಕೊಟ್ಟಳೆಂಬುದನ್ನೂ ಒಮ್ಮೆ ಕೇಳಿರಿ. ನನ್ನ ಅಕ್ಕನನ್ನು ಆ ಪ್ರಶ್ನೆಯನ್ನು ಯಾರೂ ಕೇಳಲಿಲ್ಲ.