ಮನವಿ ಪತ್ರ: ಕ್ಲಿನಿಕಲ್ ಪರೀಕ್ಷೆಯಲ್ಲಿ ಡಿಫರೆನ್ಷಿಯಲ್ ಡಯಾಗ್ನೋಸಿಸ್‌ಗೆ ಪ್ರತ್ಯೇಕ ಅಂಕ ಕೋರಿ

ಇವರಿಗೆ,
ಕುಲಸಚಿವರು (ಮೌಲ್ಯಮಾಪನ),
ವೈದ್ಯಕೀಯ ವಿಶ್ವವಿದ್ಯಾಲಯ

ಇವರಿಂದ,
ಅಂತಿಮ ವರ್ಷದ ಎಂಬಿಬಿಎಸ್ ವಿದ್ಯಾರ್ಥಿಗಳು

ವಿಷಯ: ಲಾಂಗ್ ಕೇಸ್ (ಒಬ್ಬ ರೋಗಿಯನ್ನು ವಿವರವಾಗಿ ಪರೀಕ್ಷಿಸುವುದು) ಹಾಗೂ ಓಸ್ಕಿ (ಸ್ಟೇಷನ್‌ನಿಂದ ಸ್ಟೇಷನ್‌ಗೆ ಸಾಗುತ್ತಾ ಕೌಶಲ ತೋರಿಸುವುದು) ಪರೀಕ್ಷೆಗಳಲ್ಲಿ ರೋಗನಿರ್ಣಯದ ತರ್ಕವನ್ನು ಅಳೆಯುವ ಬಗ್ಗೆ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ:

ಒಂದು ಲಕ್ಷಣಕ್ಕೆ ಕಾರಣವಾಗಬಲ್ಲ ಹಲವು ಕಾಯಿಲೆಗಳನ್ನು ಎದುರಿಗಿಟ್ಟುಕೊಂಡು, ರೋಗಿಯ ಮಾತು ಮತ್ತು ದೇಹಪರೀಕ್ಷೆಯ ಬಲದಿಂದ ಒಂದೊಂದನ್ನೇ ಉಳಿಸುವುದು ಇಲ್ಲವೇ ಕೈಬಿಡುವುದು, ಇದೇ ನಾವು ‘ಡಿಡಿ’ ಎನ್ನುವ ಡಿಫರೆನ್ಷಿಯಲ್ ಡಯಾಗ್ನೋಸಿಸ್. ಪರೀಕ್ಷೆಗಾಗಿ ಇದನ್ನು ನಾವು ಮಗ್ಗಿಯಂತೆ ಉರು ಹೊಡೆಯುತ್ತಿದ್ದೇವೆ.

ಇದಕ್ಕೆ ಕಾರಣವಿದೆ. ಲಾಂಗ್ ಕೇಸ್‌ಗೆ ಬರುವ ರೋಗಿಗಳಲ್ಲಿ ಕೆಲವರು ಪ್ರತಿ ವರ್ಷ ಕರೆಸಿಕೊಂಡವರು. ಮೈಟ್ರಲ್ ಸ್ಟೆನೋಸಿಸ್ ಇದ್ದ ರೋಗಿಯೊಬ್ಬರು ನಾವು ಬಾಯಿ ತೆರೆಯುವ ಮೊದಲೇ ಎದೆ ಪರೀಕ್ಷೆಗೆ ಬೇಕಾದಂತೆ ಎಡಮಗ್ಗುಲಿಗೆ ತಿರುಗಿ ಮಲಗಿದ್ದನ್ನು ಕಂಡಿದ್ದೇವೆ. ಯಾವ ಬೆಡ್‌ನಲ್ಲಿ ಯಾವ ಕೇಸ್ ಎಂಬ ಸುದ್ದಿ ಬೆಳಗಿನ ತಿಂಡಿಗೆ ಮೊದಲೇ ಹಾಸ್ಟೆಲ್ ಮುಟ್ಟಿರುತ್ತದೆ. ಉತ್ತರ ತಿಳಿದ ಮೇಲೆ ಹೇಳುವ ಡಿಡಿ ಬರೀ ಒಗ್ಗರಣೆ.

ನಾಳೆ ನಮ್ಮ ಮುಂದೆ ಕೂರುವ ರೋಗಿ ಹಾಗಿರುವುದಿಲ್ಲ. ಫೆಬ್ರುವರಿಯಲ್ಲಿ ಮಲೆನಾಡಿನ ಕೂಲಿಯೊಬ್ಬರು ಜ್ವರ, ತಲೆನೋವು, ಮೈಕೈ ನೋವೆಂದು ಬಂದರೆ ಡೆಂಗಿ ಎಂದು ಬರೆದು ಮುಗಿಸುವಂತಿಲ್ಲ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಿಸಲಾದ ಮಂಗನ ಕಾಯಿಲೆಯಲ್ಲೂ ಪ್ಲೇಟ್‌ಲೆಟ್ ಇಳಿಯುತ್ತದೆ. ಕಾಡಿಗೆ ಹೋಗಿದ್ದಿರಾ, ಉಣ್ಣೆ ಕಚ್ಚಿತೇ, ಸುತ್ತಮುತ್ತ ಮಂಗ ಸತ್ತಿದೆಯೇ ಎಂದು ಕೇಳಬೇಕು. ಸ್ಕ್ರಬ್ ಟೈಫಸ್‌ನ ಕಪ್ಪು ಹಕ್ಕಳೆಗಾಗಿ ಕಂಕುಳು, ತೊಡೆಸಂದು ನೋಡಬೇಕು. ಗದ್ದೆ ಕೆಸರಿನಲ್ಲಿ ನಿಂತವರಾದರೆ ಇಲಿಜ್ವರವನ್ನೂ ನೆನೆಯಬೇಕು. ಈ ಪ್ರಶ್ನೆಗಳಿಗೆ ಈಗ ಪ್ರತ್ಯೇಕ ಅಂಕವಿಲ್ಲ.

ಭಾಷೆಯದೂ ಇದೇ ಕಥೆ. ನಮ್ಮ ಜನ ‘ಗ್ಯಾಸ್ಟ್ರಿಕ್’ ಎಂದಾಗ ಅದು ಅಜೀರ್ಣವೂ ಆಗಬಹುದು, ಹೃದಯಾಘಾತವೂ ಆಗಬಹುದು. ‘ಸುಸ್ತು’ ಎಂಬ ಒಂದೇ ಮಾತಿನಲ್ಲಿ ರಕ್ತಹೀನತೆ, ಏದುಸಿರು, ಖಿನ್ನತೆ ಮೂರೂ ಅಡಗಿರುತ್ತವೆ. ಮಾತು ಬಿಡಿಸದೆ ಡಿಡಿ ಶುರುವಾಗುವುದಿಲ್ಲ.

ಆದ್ದರಿಂದ ನಮ್ಮ ಬೇಡಿಕೆಗಳು:

1. ಲಾಂಗ್ ಕೇಸ್‌ನಲ್ಲಿ ಡಿಡಿಗೆ ಪ್ರತ್ಯೇಕ ಅಂಕ ನಿಗದಿಯಾಗಲಿ. ಮೂರು ಸಾಧ್ಯತೆಗಳನ್ನು ಸಂಭವದ ಕ್ರಮದಲ್ಲಿ ಬರೆಸಿ, ಪ್ರತಿಯೊಂದಕ್ಕೂ ಪರ ಮತ್ತು ವಿರುದ್ಧದ ಅಂಶಗಳನ್ನು ಕೇಳಲಿ. 2021ರಲ್ಲಿ ರದ್ದಾದ ಅಮೆರಿಕದ ವೈದ್ಯ ಪರವಾನಗಿಯ ಸ್ಟೆಪ್ 2 ಸಿಎಸ್ ಪರೀಕ್ಷೆಯಲ್ಲಿ ರೋಗಿಯೊಂದಿಗೆ 15 ನಿಮಿಷ ಕಳೆದ ಮೇಲೆ, 10 ನಿಮಿಷದ ಟಿಪ್ಪಣಿಯಲ್ಲಿ ಗರಿಷ್ಠ ಮೂರು ರೋಗನಿರ್ಣಯಗಳನ್ನು ಆಧಾರಸಹಿತ ಬರೆಯಬೇಕಿತ್ತು. ಆ ಪರೀಕ್ಷೆ ನಿಂತರೂ ಈ ಕ್ರಮ ಅನುಸರಿಸಲು ಯೋಗ್ಯ.

2. ಸಂಭವ ಕಡಿಮೆಯಿದ್ದರೂ ತಪ್ಪಿದರೆ ಜೀವಕ್ಕೇ ಕುತ್ತು ತರುವ ಕಾಯಿಲೆಯನ್ನು ನೆನೆದವರಿಗೆ ಅಂಕ ಸಿಗಲಿ. ಎದೆನೋವಿನಲ್ಲಿ ಮಹಾಪಧಮನಿಯ ಸೀಳು, ಶ್ವಾಸಕೋಶಕ್ಕೆ ಹೆಪ್ಪುರಕ್ತ ಸೇರುವುದು ಇಂಥವು.

3. ಆಂತರಿಕ ಮೌಲ್ಯಮಾಪನದಲ್ಲಿ ಒಂದು ಕೇಸಾದರೂ ಅದೇ ದಿನ ಹೊರರೋಗಿ ವಿಭಾಗಕ್ಕೆ ಬಂದ, ರೋಗ ಇನ್ನೂ ನಿರ್ಣಯವಾಗದ ವ್ಯಕ್ತಿಯದಾಗಿರಲಿ. ರೋಗಿಯ ಒಪ್ಪಿಗೆ ಕಡ್ಡಾಯವಾಗಿರಲಿ. ಪರೀಕ್ಷೆಯಿಂದಾಗಿ ಚಿಕಿತ್ಸೆ ತಡವಾಗಬಾರದು.

4. ರೊನಾಲ್ಡ್ ಹಾರ್ಡನ್ ಅವರು ಡಂಡಿಯಲ್ಲಿ ರೂಪಿಸಿ 1975ರಲ್ಲಿ ಪ್ರಕಟಿಸಿದ ಓಸ್ಕಿ ಮಾದರಿಯಲ್ಲಿ, ತರಬೇತಿ ಪಡೆದ ನಟ-ರೋಗಿಗಳೊಂದಿಗೆ ಕನ್ನಡದಲ್ಲೇ ರೋಗಚರಿತ್ರೆ ಪಡೆಯುವ ಒಂದು ಸ್ಟೇಷನ್ ಇರಲಿ.

5. ಜ್ವರ, ಹಾವು ಕಡಿತ, ಕೀಟನಾಶಕದ ವಿಷದಂಥ ನಮ್ಮ ಜಿಲ್ಲೆಗಳ ಸಮಸ್ಯೆಗಳಿಗೆ ಪ್ರಶ್ನೆಕೋಶ ಸಿದ್ಧವಾಗಲಿ.

6. ಅಂಕ ನೀಡುವ ಮಾನದಂಡವನ್ನು ಪರೀಕ್ಷೆಗೆ ಮುನ್ನ ಪ್ರಕಟಿಸಲಿ. “ಈ ಎರಡರಲ್ಲಿ ಯಾವುದೆಂದು ಈಗ ಹೇಳಲಾರೆ, ಇಂಥ ಪರೀಕ್ಷೆ ಮಾಡಿಸಿ ತಿಳಿಯುತ್ತೇನೆ” ಎಂಬ ಉತ್ತರಕ್ಕೂ ಅದರಲ್ಲಿ ಅಂಕವಿರಲಿ.

ಈ ಬದಲಾವಣೆಗಳಿಂದ ಪರೀಕ್ಷೆ ನಮಗೆ ಕಷ್ಟವಾಗುತ್ತದೆಂಬುದನ್ನು ಬಲ್ಲೆವು. ಬಾಯಿಪಾಠ ಮಾಡಿದ ಪಟ್ಟಿ ಆಗ ನೆರವಿಗೆ ಬರುವುದಿಲ್ಲ. ಆದರೂ ಆ ಕಷ್ಟವನ್ನು ಪರೀಕ್ಷಕರ ಎದುರೇ ಪಡುವುದು ಲೇಸು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಒಬ್ಬರೇ ಇದ್ದಾಗ ಮೊದಲ ಬಾರಿಗೆ ಪಡುವಂತಾದರೆ ಬೆಲೆ ತೆರುವವರು ರೋಗಿಗಳು.

ಮುಂದಿನ ಪರೀಕ್ಷಾ ಅಧಿಸೂಚನೆಗೆ ಮುನ್ನ ಅಧ್ಯಾಪಕರು ಹಾಗೂ ವಿದ್ಯಾರ್ಥಿ ಪ್ರತಿನಿಧಿಗಳ ಸಭೆ ಕರೆದು ಈ ಬೇಡಿಕೆಗಳನ್ನು ಪರಿಶೀಲಿಸಬೇಕಾಗಿ ಕೋರುತ್ತೇವೆ.



ತಮ್ಮ ವಿಶ್ವಾಸಿಗಳು,
ಅಂತಿಮ ವರ್ಷದ ಎಂಬಿಬಿಎಸ್ ವಿದ್ಯಾರ್ಥಿಗಳು