ಜೇವರ್ಗಿಯ ತಂಡಕ್ಕೂ ತವರಿನ ಪಂದ್ಯವೊಂದು ಬೇಕು

ದಸರೆ ಸಮೀಪಿಸಿತೆಂದರೆ ಕ್ರೀಡಾ ಇಲಾಖೆಯ ಸುತ್ತೋಲೆ ಹೊರಡುತ್ತದೆ. ಕಬಡ್ಡಿ, ಖೋ-ಖೋ, ವಾಲಿಬಾಲ್, ಓಟ-ಜಿಗಿತಗಳಿಗೆ ತಾಲ್ಲೂಕಿನಲ್ಲಿಯೇ ದಿನ ಗೊತ್ತಾಗುತ್ತದೆ. ಕಾಲ್ಚೆಂಡಾಟವಾದರೋ ತಾಲ್ಲೂಕಿನ ನೆಲವನ್ನು ಸೋಕದೆ ಜಿಲ್ಲಾ ಕೇಂದ್ರದಲ್ಲಿಯೇ ನೇರವಾಗಿ ಆರಂಭವಾಗಿ, ಸೋತವರು ಸಂಜೆಯ ಬಸ್ಸು ಹಿಡಿಯತಕ್ಕದ್ದೆಂಬ ನಾಕೌಟ್ ನಿಯಮದಂತೆ ನೋಡನೋಡುತ್ತಿದ್ದಂತೆ ಮುಗಿದುಹೋಗುವುದು ರೂಢಿಯಾಗಿದೆ. ಈ ರೂಢಿಯನ್ನು ಸಮರ್ಥಿಸುವವರ ವಾದ ನಮಗೆಲ್ಲ ಪರಿಚಿತವೇ: ನಾಕೌಟ್ ಪದ್ಧತಿಯಲ್ಲಿ ಹಿರಿಯ-ಕಿರಿಯರೆಂಬ ಭೇದವಿಲ್ಲ, ಆ ಹೊತ್ತಿನ ಮಟ್ಟಿಗೆ ಆಳಂದವೂ ಕಲಬುರಗಿಯೂ ಸಮಾನ, ಗೆದ್ದವನಿಗೆ ಮುಂದಿನ ದಾರಿ ತೆರೆದೇ ಇದೆ, ಆದುದರಿಂದ ಬಡ ತಾಲ್ಲೂಕುಗಳ ಪಾಲಿಗೆ ಇದಕ್ಕಿಂತ ನ್ಯಾಯವಾದ ವ್ಯವಸ್ಥೆ ಇನ್ನೊಂದಿಲ್ಲ. ಈ ವಾದ ತಪ್ಪು. ಒಂದೇ ಊರಿನಲ್ಲಿ, ಒಂದೇ ಸೋಲಿಗೆ ಮನೆಗೆ ಕಳುಹಿಸುವ ಪಂದ್ಯಾವಳಿಯು ಆಳಂದ, ಅಫಜಲಪುರ, ಜೇವರ್ಗಿಗಳಂಥ ತಾಲ್ಲೂಕುಗಳಲ್ಲಿ ಕಾಲ್ಚೆಂಡಾಟವನ್ನು ಬೆಳೆಸಲಾರದು, ಬೆಳೆಸಿಯೂ ಇಲ್ಲ. ಅದನ್ನು ಹೀಗೆಯೇ ಮುಂದುವರಿಸುವುದಕ್ಕಿಂತ ಪ್ರತಿ ತಂಡಕ್ಕೂ ತವರಿನ ಅಂಗಳದಲ್ಲಿ ಒಂದು ಪಂದ್ಯವನ್ನಾದರೂ ವಿಧಿಸುವುದು ಅಗ್ಗವೂ ಹೌದು, ಧರ್ಮವೂ ಹೌದು.

ಸುಲಭವಾದ ಒಂದು ಲೆಕ್ಕವನ್ನು ಯಾರೂ ಮಾಡದಿರುವುದೇ ಆಶ್ಚರ್ಯ. ಕಲಬುರಗಿ ಜಿಲ್ಲೆಯಲ್ಲಿ ಈಗ 11 ತಾಲ್ಲೂಕುಗಳಿವೆ. ತಾಲ್ಲೂಕಿಗೊಂದರಂತೆ 11 ತಂಡಗಳು ನಾಕೌಟ್ ಆಡಿದರೆ ಒಟ್ಟು ನಡೆಯುವ ಪಂದ್ಯಗಳು 10. ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ, ಏಕೆಂದರೆ ಒಂದೊಂದು ಪಂದ್ಯ ಒಂದೊಂದು ತಂಡವನ್ನು ಹೊರಗೆ ಹಾಕುತ್ತದೆ. ಆ 11ರಲ್ಲಿ ಕನಿಷ್ಠಪಕ್ಷ 4 ತಂಡಗಳು, ಸರದಿಯ ಚೀಟಿ ಪ್ರತಿಕೂಲವಾಗಿ ಬಿದ್ದರೆ 7 ತಂಡಗಳು, ವರ್ಷಕ್ಕೆ ಒಂದೇ ಒಂದು ಪಂದ್ಯವನ್ನಾಡಿ ಹಿಂದಿರುಗುತ್ತವೆ. ಅದು ಕೂಡ ಎಲ್ಲಿ? ಆಳಂದದಿಂದಲೂ ಜೇವರ್ಗಿಯಿಂದಲೂ ಸುಮಾರು 40 ಕಿಲೋಮೀಟರು, ಅಫಜಲಪುರದಿಂದ ಸುಮಾರು 60 ಕಿಲೋಮೀಟರು ದೂರದ ಚಂದ್ರಶೇಖರ ಪಾಟೀಲ ಕ್ರೀಡಾಂಗಣದಲ್ಲಿ. ತಮ್ಮ ಊರಿನ ಹಿರಿಯರಾಗಲಿ, ಶಾಲೆಯ ಮಕ್ಕಳಾಗಲಿ, ಮುಂದೊಂದು ದಿನ ಅದೇ ಅಂಗಿಯನ್ನು ತೊಡಬೇಕಾದ ಹನ್ನೆರಡರ ಹುಡುಗನಾಗಲಿ ನೋಡಲಾರದ ಜಾಗದಲ್ಲಿ. ತವರಿನಲ್ಲಿ ನಡೆಯುವ ಪಂದ್ಯಗಳ ಸಂಖ್ಯೆ, ಜಿಲ್ಲಾ ಕೇಂದ್ರದ ತಂಡವೊಂದನ್ನುಳಿದು ಮಿಕ್ಕೆಲ್ಲರಿಗೂ, ಸೊನ್ನೆ. ಸಮಾನತೆಯ ಪರಮರೂಪವೆಂದು ಹೊಗಳಿಸಿಕೊಳ್ಳುವ ಪದ್ಧತಿಯಲ್ಲಿ ಒಂದು ತಂಡ ಮಾತ್ರ ನಿತ್ಯವೂ ಮನೆಯಂಗಳದಲ್ಲಿ ಆಡುತ್ತದೆಂಬ ಸಂಗತಿ ವಾದಿಗಳ ಕಣ್ಣಿಗೆ ಬೀಳದೆ ಹೋದುದು ಹೇಗೆ?

ಈ ಸೊನ್ನೆಯ ಅರ್ಥವನ್ನು ನಮಗಿಂತ ಮೊದಲೇ, ನಮಗಿಂತ ಕಠಿನವಾದ ಪರಿಸ್ಥಿತಿಯಲ್ಲಿ ಗ್ರಹಿಸಿದವರು ಆಫ್ರಿಕಾದವರು. ಖಂಡದ ಕ್ಲಬ್ ಚಾಂಪಿಯನ್ನರ ಕಪ್ಪು 1964ರಲ್ಲಿ ಮೊದಲಾದಾಗ ಅದರ ಕಡೆಯ ಘಟ್ಟವನ್ನು ಘಾನಾದ ಅಕ್ರಾ ನಗರವೊಂದರಲ್ಲಿಯೇ ನಡೆಸಲಾಯಿತು. 1965ರ ಫೆಬ್ರವರಿಯಲ್ಲಿ ಕ್ಯಾಮರೂನಿನ ಓರಿಕ್ಸ್ ಡುವಾಲಾ ತಂಡವು ಮಾಲಿ ದೇಶದ ಸ್ಟಾಡ್ ಮಾಲಿಯೆನ್ ತಂಡವನ್ನು 2–1ರಿಂದ ಸೋಲಿಸಿ ಮೊದಲ ಕಪ್ಪನ್ನು ಪಡೆಯಿತು. ಗೆದ್ದವರೂ ಸೋತವರೂ ಇಬ್ಬರೂ ಪರಸ್ಥಳದವರು. ಮುಂದಿನ ಆವೃತ್ತಿಯಲ್ಲಿಯೇ, ಅಂದರೆ 1966ರಲ್ಲಿ, ಫೈನಲ್ಲು ಕೂಡ ತವರಿನಲ್ಲೊಂದು, ಎದುರಾಳಿಯ ಊರಿನಲ್ಲೊಂದು ಎಂಬ ಎರಡು ಪಂದ್ಯಗಳ ಕ್ರಮಕ್ಕೆ ಬಂದಿತು.

ಆ 1966ರ ಋತುವನ್ನು ನಮ್ಮ ಕ್ರೀಡಾಧಿಕಾರಿಗಳು ಒಮ್ಮೆ ನಿಧಾನವಾಗಿ ಅವಲೋಕಿಸಬೇಕು. ಫೈನಲ್ಲಿಗೆ ಬಂದವರು ಮಾಲಿಯ ರಿಯಲ್ ಬಮಾಕೊ ಮತ್ತು ಐವರಿ ಕೋಸ್ಟಿನ ಸ್ಟಾಡ್ ಅಬಿಜಾನ್. ಎರಡೂ ದೇಶಗಳು ಸ್ವತಂತ್ರವಾಗಿ ಆಗ ಆರೇ ವರ್ಷ ಕಳೆದಿದ್ದವು. ಬಮಾಕೊ ತಂಡದಲ್ಲಿ ಸಲೀಫ್ ಕೀಟಾ ಎಂಬ ತರುಣನಿದ್ದನು, ಆ ಒಂದೇ ಆವೃತ್ತಿಯಲ್ಲಿ 14 ಗೋಲುಗಳನ್ನು ಹೊಡೆದವನು, ಮುಂದೆ 1970ರಲ್ಲಿ ಆಫ್ರಿಕಾದ ವರ್ಷದ ಆಟಗಾರನೆಂಬ ಮನ್ನಣೆಗೆ ಮೊಟ್ಟಮೊದಲು ಪಾತ್ರನಾದವನು. ಬಮಾಕೊದಲ್ಲಿ ನಡೆದ ಮೊದಲ ಪಂದ್ಯವನ್ನು ಅವನ ತಂಡ 3–1ರಿಂದ ಗೆದ್ದಿತು. ಅಂದು ಅಲ್ಲಿಗೇ ಮುಗಿದಿದ್ದರೆ ಕಪ್ಪು ಬಮಾಕೊಗೆ ಹೋಗುತ್ತಿತ್ತು, ಅಬಿಜಾನಿನ ಜನ ತಮ್ಮ ತಂಡದ ಪರಾಭವವನ್ನು ಪರಊರಿನ ಸುದ್ದಿಯಾಗಿ ಕೇಳುತ್ತಿದ್ದರು. ಆದರೆ ಎರಡನೆಯ ಪಂದ್ಯ ಬಾಕಿಯಿತ್ತು, ಅದು ಅಬಿಜಾನಿನಲ್ಲಿಯೇ ನಡೆಯಬೇಕಾಗಿತ್ತು. ಆ ಪಂದ್ಯದಲ್ಲಿ, ಸ್ವಜನರ ಸಮಕ್ಷದಲ್ಲಿ, ಸ್ಟಾಡ್ ಅಬಿಜಾನ್ 4–1ರಿಂದ ಗೆದ್ದು, ಒಟ್ಟು 5–4ರ ಅಂತರದಲ್ಲಿ ಖಂಡದ ಪ್ರಶಸ್ತಿಯನ್ನು ತನ್ನದಾಗಿಸಿಕೊಂಡಿತು. ಆಡಿದ ಆಟಗಾರರು ಅವರೇ, ಚೆಂಡು ಅದೇ, ಬದಲಾದದ್ದು ಸ್ಥಳವೊಂದೇ. ಅಬಿಜಾನಿಗೆ ದೊರೆತದ್ದು ದಯೆಯಲ್ಲ, ತನ್ನ ನೆಲದಲ್ಲಿ ಆಡುವ ಹಕ್ಕು. ಸೋತ ಬಮಾಕೊದ ಜನರಿಗೂ ಕೀಟಾನ ಆಟವನ್ನು ತಮ್ಮೂರಿನಲ್ಲಿಯೇ ಕಣ್ಣಾರೆ ಕಂಡ ದಿನವೊಂದು ಉಳಿಯಿತು.

ಈ ಪಾಠವನ್ನು ಮರೆತವರಿಗೆ ಎರಡನೆಯ ಸಲ ಕಲಿಯಬೇಕಾಗಿ ಬಂದದ್ದೂ ಉಂಟು. 2020ರಿಂದ ಆಫ್ರಿಕಾದ ಚಾಂಪಿಯನ್ಸ್ ಲೀಗಿನ ಫೈನಲ್ಲನ್ನು ಮೊದಲೇ ಗೊತ್ತುಮಾಡಿದ ನಗರದಲ್ಲಿ ಒಂದೇ ಪಂದ್ಯವಾಗಿ ನಡೆಸುವ ಕ್ರಮ ಜಾರಿಗೆ ಬಂದಿತು. 2022ರಲ್ಲಿ ಆ ನಗರವು ಮೊರಾಕೊದ ಕಾಸಾಬ್ಲಾಂಕಾ ಆಯಿತು, ಫೈನಲ್ಲಿಗೆ ಬಂದವರಲ್ಲೊಬ್ಬರು ಅದೇ ಕಾಸಾಬ್ಲಾಂಕಾದ ವೈದಾದ್ ಆದರು. ಕೈರೋದ ಅಲ್ ಅಹ್ಲಿ ಇದು ತಟಸ್ಥ ಸ್ಥಳವಲ್ಲವೆಂದು ಪ್ರತಿಭಟಿಸಿತು. ವೈದಾದ್ 2–0ಯಿಂದ ಗೆದ್ದಿತು. ಮರುವರ್ಷವೇ ಆಫ್ರಿಕಾದ ಒಕ್ಕೂಟವು ಎರಡು ಪಂದ್ಯಗಳ ಹಳೆಯ ಕ್ರಮಕ್ಕೆ ಹಿಂದಿರುಗಿತು, 2023ರಲ್ಲಿ ಅವೇ ಎರಡು ತಂಡಗಳು ಕೈರೋದಲ್ಲೊಮ್ಮೆ ಕಾಸಾಬ್ಲಾಂಕಾದಲ್ಲೊಮ್ಮೆ ಸೆಣಸಿದುವು, ಈ ಬಾರಿ 2–1 ಮತ್ತು 1–1ರ ಫಲಿತಾಂಶದಿಂದ ಅಲ್ ಅಹ್ಲಿ ಗೆದ್ದಿತು. ದೂರದರ್ಶನದ ಆದಾಯವನ್ನೂ ಪ್ರಾಯೋಜಕರ ಒತ್ತಡವನ್ನೂ ಕಟ್ಟಿಕೊಂಡಿರುವ ಖಂಡದ ಸಂಸ್ಥೆಯೊಂದು ಮೂರು ವರ್ಷಗಳಲ್ಲಿ ತಿದ್ದಿಕೊಂಡ ಕ್ರಮವನ್ನು ಯಾವ ಆದಾಯದ ಆಸೆಯೂ ಇಲ್ಲದ ನಾವು ಕಲಬುರಗಿಯಲ್ಲಿ ವರ್ಷವರ್ಷವೂ ಪುನರಾವರ್ತಿಸುತ್ತಿದ್ದೇವೆ.

ಆಫ್ರಿಕಾ ದೂರವೆನ್ನುವವರಿಗೆ ಬೆಂಗಳೂರು ದೂರವಾಗಲಾರದು. 2016ರ ಎ.ಎಫ್.ಸಿ. ಕಪ್ಪಿನಲ್ಲಿ ಬೆಂಗಳೂರು ಎಫ್.ಸಿ. ಹಿಂದಿನ ವರ್ಷದ ಚಾಂಪಿಯನ್ನರಾದ ಮಲೇಶಿಯಾದ ಜೊಹೊರ್ ತಂಡಕ್ಕೆ ಗುಂಪಿನ ಹಂತದಲ್ಲಿ ಎರಡು ಸಲವೂ ಸೋತಿತ್ತು. ಶುದ್ಧ ನಾಕೌಟ್ ಆಗಿದ್ದರೆ ಮೊದಲ ಸೋಲಿಗೇ ಕಥೆ ಮುಗಿಯುತ್ತಿತ್ತು. ಗುಂಪಿನ ಹಂತವಿದ್ದುದರಿಂದ ತಂಡ ಉಳಿಯಿತು. ಸೆಮಿಫೈನಲ್ಲಿನಲ್ಲಿ ಅದೇ ಜೊಹೊರ್ ಎದುರಾಯಿತು. ಅವರ ನೆಲದಲ್ಲಿ 1–1ರ ಸಮಬಲ ಸಾಧಿಸಿ ಬಂದ ತಂಡವು ಕಂಠೀರವ ಕ್ರೀಡಾಂಗಣದಲ್ಲಿ 3–1ರಿಂದ ಗೆದ್ದು, ಆ ಸ್ಪರ್ಧೆಯ ಫೈನಲ್ಲನ್ನು ತಲಪಿದ ಮೊದಲ ಭಾರತೀಯ ಕ್ಲಬ್ಬೆನಿಸಿತು. ಫೈನಲ್ಲು ದೋಹಾದಲ್ಲಿ ಒಂದೇ ಪಂದ್ಯ. ಇರಾಕಿನ ವಾಯುಪಡೆಯ ತಂಡಕ್ಕೆ 0–1ರಿಂದ ಸೋಲು. ಆ ಸೋಲಿಗೆ ಸ್ಥಳವನ್ನು ದೂರುವುದು ನನ್ನ ಉದ್ದೇಶವಲ್ಲ, ಇರಾಕಿನವರಿಗೂ ಅದು ತವರಾಗಿರಲಿಲ್ಲ. ಆದರೆ ರಾಜಧಾನಿಯ ಅಷ್ಟು ಸಮರ್ಥ ತಂಡಕ್ಕೂ ತವರಿನ ಪಂದ್ಯ ಬೇಕಾಯಿತೆಂಬುದನ್ನು ಒಪ್ಪುವವರು ಜೇವರ್ಗಿಗೆ ಅದು ಬೇಡವೆನ್ನಲು ಕಾರಣವೇನು?

ನನ್ನ ವಾದಕ್ಕೆ ಎದುರಾಗಿ ತರಬಹುದಾದ ನಿದರ್ಶನವೊಂದಿದೆ, ಅದು ಘನವಾದ ನಿದರ್ಶನವೇ. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡವು ಮುಂಬಯಿಗೆ ಹೋಗಿ, ಬ್ರಿಟಿಷ್ ಪಡೆಗಳ ಸ್ವತ್ತಿನಂತಿದ್ದ ರೋವರ್ಸ್ ಕಪ್ಪನ್ನು ಗೆದ್ದ ಮೊದಲ ಭಾರತೀಯ ತಂಡವಾಯಿತು, 1938ರಲ್ಲಿಯೂ 1948ರಲ್ಲಿಯೂ ಅದನ್ನು ಮತ್ತೆ ಗೆದ್ದಿತು. ತವರಿನ ಒಂದು ಪಂದ್ಯವೂ ಇಲ್ಲದೆ. ನಿಜ. ಆದರೆ ಆ ತಂಡ ಮುಂಬಯಿಯಲ್ಲಿ ಹುಟ್ಟಲಿಲ್ಲ. ದಂಡಿನ ಪ್ರದೇಶದ ಪಡೆಗಳೊಡನೆಯೂ ಪೇಟೆಯ ತಂಡಗಳೊಡನೆಯೂ ಋತುಪೂರ್ತಿ ಆಡಲು ಅವಕಾಶವಿದ್ದ ಬೆಂಗಳೂರಿನ ಬಯಲುಗಳಲ್ಲಿ ಹುಟ್ಟಿತು. ನಾಕೌಟ್ ಎಂಬುದು ಬೆಳೆದ ಬೆಳೆಯನ್ನು ಅಳೆಯುವ ಕೊಳಗವೇ ಹೊರತು ಬಿತ್ತನೆಯಲ್ಲ. 2023ರ ಮಾರ್ಚಿನಲ್ಲಿ ರಿಯಾದಿನಲ್ಲಿ ಮೇಘಾಲಯವನ್ನು 3–2ರಿಂದ ಮಣಿಸಿ 54 ವರ್ಷಗಳ ಬಳಿಕ ಸಂತೋಷ್ ಟ್ರೋಫಿಯನ್ನು ತಂದ ಕರ್ನಾಟಕ ತಂಡ ಕೂಡ ಆರಾರು ತಂಡಗಳ ಗುಂಪಿನಲ್ಲಿ ಐದು ಪಂದ್ಯಗಳನ್ನಾಡಿಯೇ ಸೆಮಿಫೈನಲ್ಲು, ಫೈನಲ್ಲು ಎಂಬ ಎರಡು ನಾಕೌಟ್ ಪಂದ್ಯಗಳಿಗೆ ಅರ್ಹವಾಯಿತೆಂಬುದನ್ನು, ಜಯಘೋಷದ ನಡುವೆ, ಯಾರೂ ನೆನೆಯಲಿಲ್ಲ.

ಖರ್ಚಿನ ಆಕ್ಷೇಪವನ್ನು ಕೇಳಿ ಸಾಕಾಗಿದೆ. ಬಮಾಕೊ-ಅಬಿಜಾನ್ ಎರಡು ದೇಶಗಳ ರಾಜಧಾನಿಗಳಾಗಿದ್ದುವು. ಆಳಂದಕ್ಕೂ ಅಫಜಲಪುರಕ್ಕೂ ನಡುವೆ ಇರುವುದು ಸಾರಿಗೆ ಸಂಸ್ಥೆಯ ಬಸ್ಸಿನ ಟಿಕೆಟ್ಟು. ಸಂವಿಧಾನದ 371 ಜೆ ವಿಧಿಯ ಆಧಾರದ ಮೇಲೆ ನಿಂತ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ವರ್ಷಕ್ಕೆ 5,000 ಕೋಟಿ ರೂಪಾಯಿಗಳ ಪ್ರಮಾಣದಲ್ಲಿ ಅನುದಾನ ಘೋಷಿತವಾಗುವ ಕಾಲದಲ್ಲಿ, ಹದಿನೆಂಟು ಹುಡುಗರನ್ನು ಅರವತ್ತು ಕಿಲೋಮೀಟರು ಕರೆದೊಯ್ದು ಊಟ ಹಾಕಿಸಲು ಹಣವಿಲ್ಲವೆಂಬ ಮಾತನ್ನು ಗಂಭೀರವಾಗಿ ಪರಿಗಣಿಸಲು ಸಾಧ್ಯವಿಲ್ಲ. ನಂಜುಂಡಪ್ಪ ಸಮಿತಿಯು 2002ರಲ್ಲಿ ಅತ್ಯಂತ ಹಿಂದುಳಿದವೆಂದು ಗುರುತಿಸಿದ ರಾಜ್ಯದ 39 ತಾಲ್ಲೂಕುಗಳಲ್ಲಿ 21 ಕಲಬುರಗಿ ವಿಭಾಗದವು. ಹಿಂದುಳಿದಿರುವಿಕೆಯ ಪರಿಹಾರವನ್ನು ಸದಾ ಜಿಲ್ಲಾ ಕೇಂದ್ರದಲ್ಲಿಯೇ ವಿನಿಯೋಗಿಸುವ ಅಭ್ಯಾಸ ಕ್ರೀಡೆಗೆ ಮಾತ್ರ ಸೀಮಿತವಾದುದಲ್ಲ, ಆ ವಿಷಯ ಬೇರೆ.

ಮೈದಾನದ ಆಕ್ಷೇಪವಿದೆ. ಆಟದ ನಿಯಮಾವಳಿ ಕೇಳುವುದು 90 ಮೀಟರು ಉದ್ದ, 45 ಮೀಟರು ಅಗಲ, ಅದೂ ಕನಿಷ್ಠ ಮಿತಿ. ತಳಮಟ್ಟದ ಆಟಕ್ಕೆ ಅದನ್ನೂ ಸಡಿಲಿಸಲು ಆಸ್ಪದವುಂಟು. ಸರಕಾರಿ ಪ್ರೌಢಶಾಲೆ-ಕಾಲೇಜುಗಳ ಬಯಲುಗಳಲ್ಲಿ ಈ ಅಳತೆಗೆ ನಿಲುಕುವಂಥವು ಈ ಮೂರು ತಾಲ್ಲೂಕುಗಳಲ್ಲಿ ಸಿಗದಿರವು. ಪಂದ್ಯವೊಂದು ಗೊತ್ತಾದರೆ ಬಯಲು ಸಮತಟ್ಟಾಗುತ್ತದೆ, ಗೋಲುಕಂಬ ನಿಲ್ಲುತ್ತದೆ. ಗೊತ್ತಾಗದಿದ್ದರೆ ಜಾಲಿ ಬೆಳೆಯುತ್ತದೆ. ನಿಜವಾದ ತೊಡಕು ಕಾಲದ್ದು: ದಸರೆಯ ಹೊತ್ತಿಗೆ ನಮ್ಮ ಎರೆಭೂಮಿ ಇನ್ನೂ ಒದ್ದೆ, ಭೀಮೆಯನ್ನು ನಂಬುವಂತಿಲ್ಲ, 2020ರ ಅಕ್ಟೋಬರಿನಲ್ಲಿ ಅಫಜಲಪುರ-ಜೇವರ್ಗಿಗಳ ನದೀತೀರದ ಹಳ್ಳಿಗಳು ಅನುಭವಿಸಿದ್ದನ್ನು ಯಾರೂ ಮರೆತಿಲ್ಲ, ತೊಗರಿಯ ಕೊಯ್ಲು ಮೊದಲಾದ ಮೇಲೆ ಹುಡುಗರಿಗೆ ಬಿಡುವಿಲ್ಲ, ಅದು ಮುಗಿದ ಮೇಲೆ ಬಹಳ ಮಂದಿ ಪುಣೆ-ಮುಂಬಯಿಗಳ ಹಾದಿ ಹಿಡಿಯುತ್ತಾರೆ. ನವೆಂಬರು ಮತ್ತು ಡಿಸೆಂಬರಿನ ಮೊದಲ ಭಾಗದ ಭಾನುವಾರಗಳು ಇದಕ್ಕೆ ಪ್ರಶಸ್ತವಾದುವು.

ಇಡೀ ಜಿಲ್ಲೆಯನ್ನು ಒಮ್ಮೆಲೇ ಬದಲಾಯಿಸಿರೆಂದು ನಾನು ಕೇಳುತ್ತಿಲ್ಲ. ಆಳಂದ, ಅಫಜಲಪುರ, ಜೇವರ್ಗಿ ಈ ಮೂರನ್ನು ಮಾತ್ರ ತೆಗೆದುಕೊಳ್ಳಿರಿ. ನಾಕೌಟ್ ಆದರೆ ಮೂರು ತಂಡಗಳಿಗೆ ಎರಡೇ ಪಂದ್ಯ, ಅದರಲ್ಲೂ ಒಂದು ತಂಡ ಆಡದೆಯೇ ಫೈನಲ್ಲಿಗೆ ಹೋಗುತ್ತದೆ. ಪರಸ್ಪರ ತವರಿನಲ್ಲೊಂದು ಹೊರಗೊಂದು ಆಡಿದರೆ ಆರು ಪಂದ್ಯ. ಪ್ರತಿ ತಂಡಕ್ಕೂ ನಾಲ್ಕು, ಅವುಗಳಲ್ಲಿ ಎರಡು ತನ್ನ ಜನರ ಮುಂದೆ. ಗೆದ್ದ ತಂಡ ಕಲಬುರಗಿಗೆ ಹೋಗಿ ನಾಕೌಟ್ ಆಡಲಿ. ಅದಕ್ಕೆ ನನ್ನ ತಕರಾರಿಲ್ಲ, ಅಷ್ಟುಹೊತ್ತಿಗೆ ಅದು ತಂಡವಾಗಿರುತ್ತದೆ. ಸ್ಥಳೀಯ ಪಂದ್ಯಗಳಲ್ಲಿ ಜಗಳಗಳಾಗುವುವೆಂದು ಅಂಜುವವರು ತೀರ್ಪುಗಾರರನ್ನು ಮೂರನೆಯ ತಾಲ್ಲೂಕಿನಿಂದ ಕರೆಸಲಿ. ಕ್ರೀಡಾ ಇಲಾಖೆಯ ಅಧಿಕಾರಿಗಳೂ ಮಂಡಳಿಯ ಸದಸ್ಯರೂ ಈ ಮೂರು ತಾಲ್ಲೂಕುಗಳ ಶಾಸಕರೂ ಮುಂದಿನ ಸುತ್ತೋಲೆ ಹೊರಡುವುದಕ್ಕೆ ಮೊದಲು ಕುಳಿತು ಈ ಆರು ಪಂದ್ಯಗಳ ದಿನಾಂಕಗಳನ್ನು ಗೊತ್ತುಮಾಡಬೇಕು.